ಕ್ಯಾಲೆಂಡರ್ ಹುಡುಗಿ ಮತ್ತು ವಾಡಿಯ ಕುಬಸಗಳು

ಜಂಕ್ಷನ್ ಎದುರಿಗೆ ಟೇಲರ್ ಅಂಗಡಿ ಇಟ್ಟವನಿಗೆ ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅವೇ ಬಂದು ಬೆಂಚಿನ ಮೇಲೆ ಕೂಡುತ್ತವೆ. ರೈಲು ತಪ್ಪಿದವರು, ರೈಲಿಗೆ ಬಹಳ ಮೊದಲೇ ಬಂದವರು, ಎಲ್ಲಿಗೂ ಹೋಗದೆ ಸುಮ್ಮನೆ ರೈಲು ನೋಡಲು ಬಂದವರು, ಎಲ್ಲರೂ ವಾಡಿಯಲ್ಲಿ ನನ್ನ ಅಂಗಡಿಯವರೇ. ಆದರೆ ನಮ್ಮ ಓಣಿಯ ಗೇಟ್‌ಮನ್ ಮಗಳು ಮುಂಬಯಿಯಲ್ಲಿ ದೊಡ್ಡ ಮಾಡೆಲ್ ಆದಾಗ ನಡೆದದ್ದರ ಮುಂದೆ ಉಳಿದದ್ದೆಲ್ಲ ಸಪ್ಪೆ.

ಆ ಹುಡುಗಿಯ ಶಾಲೆಯ ಲಂಗ ಹೊಲಿದವನು ನಾನೇ. ಉದ್ದ ಕತ್ತಿನ, ಮಾತು ಕಡಿಮೆಯ ಹುಡುಗಿ. ಮೆಟ್ರಿಕ್ ಮುಗಿಸಿ ಮುಂಬಯಿಯ ಸೋದರಮಾವನ ಮನೆಗೆ ಓದಲು ಹೋಗಿದ್ದಳು. ಅಲ್ಲಿ ಯಾವುದೋ ಸೀರೆ ಮಿಲ್ಲಿನವರ ಕಣ್ಣಿಗೆ ಬಿದ್ದಳು. ಓದು ಅಲ್ಲಿಗೇ ನಿಂತಿತು, ಹೆಸರು ಊರೂರಿಗೆ ಓಡಿತು.

ನಿಲ್ಲುವ ನೌಕರಿ

ಅವಳ ಅಪ್ಪ ಶಹಾಬಾದ್ ರಸ್ತೆಯ ರೈಲ್ವೆ ಗೇಟಿನಲ್ಲಿದ್ದ. ಗೇಟು ಹಾಕಿದಾಗ ನಿಂತವರಿಗೆಲ್ಲ ಕೇಳಲು ಒಂದೇ ವಿಷಯ. ಒಮ್ಮೆ ನಾನೂ ಸೈಕಲ್ ಹಿಡಿದು ನಿಂತಿದ್ದೆ. ತೆಂಗಳಿ ಕಡೆಯ ಬಂಡಿಯವನೊಬ್ಬ ಶುರು ಮಾಡಿದ.

"ಮಗಳು ಏನು ಕೆಲಸ ಮಾಡ್ತಾಳ್ರಿ?"

"ನಿಂತಿರ್ತಾಳ."

"ಅಂದ್ರ?"

"ಛಲೋ ಸೀರಿ ಉಟ್ಟು ನಿಂತಿರ್ತಾಳ. ಫೋಟೋ ತಗೀತಾರ. ಅಷ್ಟs."

"ಸೀರಿ ಮಾರೂದಿಲ್ಲ?"

"ಇಲ್ಲ."

"ನೇಯೂದೂ ಇಲ್ಲ?"

"ಅದೂ ಇಲ್ಲ."

"ಉಟ್ಟ ಸೀರಿನರ ಆಕಿಗೆ ಕೊಡ್ತಾರೋ?"

"ವಾಪಸ್ ಇಸ್ಕೋತಾರ."

ಗೂಡ್ಸ್ ಗಾಡಿ ಹೋಯಿತು, ಗೇಟು ತೆರೆಯಿತು, ಹಿಂದಿನವರು ಬೈಯತೊಡಗಿದರು. ಬಂಡಿಯವನು ಕದಲಲಿಲ್ಲ. "ಬರೇ ನಿಂತದ್ದಕ್ಕ ಪಗಾರ ಕೊಡ್ತಾರಾ?" ಎಂದು ಮತ್ತೊಮ್ಮೆ ಕೇಳಿದ.

ಗೇಟ್‌ಮನ್ ಹಸಿರು ಝಂಡಾ ಸುತ್ತುತ್ತ ನಿಟ್ಟುಸಿರು ಬಿಟ್ಟ. "ಅದೇ ನನಗೂ ತಿಳೀವಲ್ದು. ನಾನೂ ಇಷ್ಟು ವರ್ಷ ಇಲ್ಲೇ ನಿಂತೀನಿ. ನನ್ನ ಫೋಟೋ ಒಬ್ಬವನೂ ತಗೀಲಿಲ್ಲ ನೋಡ್ರಿ."

ಗಲ್ಲದ ಕಪ್ಪು ಬೊಟ್ಟು

ದೀಪಾವಳಿಗೆ ಅವಳ ಕ್ಯಾಲೆಂಡರ್ ಬಂತು. ಹಸಿರು ಸೀರೆ, ಕೆಂಪು ಕುಬಸ, ಸ್ವಲ್ಪ ವಾರೆಯಾಗಿ ನಿಂತು ನಗುತ್ತಿದ್ದಳು. ಕಿರಾಣಿ ಅಂಗಡಿ, ಚಹಾದ ಹೋಟೆಲು, ಸಲೂನು, ಎಲ್ಲಿ ನೋಡಿದರೂ ಅವಳೇ. ನನ್ನ ಮಶೀನಿನ ಹಿಂದೆಯೂ ಒಂದು ತೂಗುಬಿಟ್ಟೆ.

ಊರೆಲ್ಲ ಖುಷಿಪಟ್ಟರೆ ಅವಳ ತಾಯಿಗೆ ನಿದ್ದೆ ಇಲ್ಲ. ಇಷ್ಟು ಜನರ ಕಣ್ಣು ಬಿದ್ದರೆ ಮಗಳ ಗತಿ ಏನು? ಮನೆಯ ಕಾಡಿಗೆ ಡಬ್ಬಿ ಸೆರಗಿನಲ್ಲಿ ಕಟ್ಟಿಕೊಂಡು ಹೊರಟೇಬಿಟ್ಟಳು. ಅಂಗಡಿಯಿಂದ ಅಂಗಡಿಗೆ ಹೋಗಿ, "ಸ್ವಲ್ಪ ಸರೀರಿ" ಎಂದು ಎಲ್ಲರನ್ನೂ ಎಬ್ಬಿಸಿ, ಪ್ರತಿ ಕ್ಯಾಲೆಂಡರಿನಲ್ಲೂ ಮಗಳ ಎಡಗಲ್ಲಕ್ಕೆ ಕಪ್ಪು ಬೊಟ್ಟು ಇಟ್ಟಳು.

ಸಲೂನಿನವನು ಕ್ಷೌರದ ಕತ್ತಿ ಹಿಡಿದೇ ಕೇಳಿದ: "ಅವ್ವಾ, ಕಾಗದಕ್ಕೂ ನದರ ಹತ್ತತದೇನು?"

"ನಿನ್ನ ಅಂಗಡ್ಯಾಗ ಗಡ್ಡ ಮಾಡಿಸ್ಕೊಳ್ಳೋ ಗಂಡಸೂರು ಕಣ್ಣು ಎಲ್ಲಿ ಇಟ್ಟಿರ್ತಾರ? ಸುಮ್ನಿರು."

ಇದು ಇಲ್ಲಿಗೇ ಮುಗಿಯಬೇಕಿತ್ತು. ಬೇರೆ ಓಣಿಯ ಹುಡುಗಿಯರಿಗೆ ತಾಯಿಯ ಈ ತಿರುಗಾಟ ಗೊತ್ತಿರಲಿಲ್ಲ. ಬೊಟ್ಟು ಮುಂಬಯಿಯ ಹೊಸ ಫ್ಯಾಶನ್ ಎಂದು ತಿಳಿದು ತಾವೂ ಎಡಗಲ್ಲಕ್ಕೆ ಕಾಡಿಗೆ ಇಟ್ಟುಕೊಳ್ಳತೊಡಗಿದರು. ವಾಡಿಯ ಒಬ್ಬ ಹುಡುಗಿ ಹಾಗೇ ಚಿತ್ತಾಪುರದ ಅತ್ತೆಯ ಮನೆಗೆ ಹೋದಳಂತೆ. ಅಲ್ಲಿಯವರು ನಕ್ಕು, ತಮ್ಮ ಕ್ಯಾಲೆಂಡರ್ ತೋರಿಸಿ, "ಎಲ್ಲದ ಬೊಟ್ಟು?" ಎಂದರಂತೆ.

ಇವಳು ಹತ್ತಿರ ಹೋಗಿ ನೋಡಿ, ಮರುಕದಿಂದ ತಲೆ ಅಲ್ಲಾಡಿಸಿದಳಂತೆ. "ಪಾಪ, ನಿಮಗ ಡೂಪ್ಲಿಕೇಟ್ ಕೊಟ್ಟು ಕಳಿಸ್ಯಾರ."

ಉಸಿರಿಲ್ಲದ ಕುಬಸ

ಇಲ್ಲಿಯವರೆಗೆ ನಾನು ಬೇರೆಯವರನ್ನು ನೋಡಿ ನಗುತ್ತಿದ್ದೆ. ಆಮೇಲೆ ಸರದಿ ನನಗೇ ಬಂತು.

ಶಹಾಬಾದಿನಲ್ಲಿ ಫರಸಿ ಕಲ್ಲಿನ ಖಣಿ ಇಟ್ಟ ಸಾಹುಕಾರರೊಬ್ಬರ ಹೆಂಡತಿ ನನ್ನ ಅತಿ ದೊಡ್ಡ ಗಿರಾಕಿ. ಆಕೆ ಬಂದು ನನ್ನದೇ ಕ್ಯಾಲೆಂಡರಿಗೆ ಬೆರಳಿಟ್ಟರು.

"ಮಾಸ್ತರ, ಈ ಕುಬಸದಾಗ ಎಲ್ಲೆರ ಒಂದು ನೆರಗಿ ಅದ ಏನು?"

"ಇಲ್ರಿ ಅವ್ವಾರ."

"ಬರೋಬರ್ ಹಿಂಗs ಹೊಲೀರಿ. ಹೊಲದ್ರ ಮಗಳ ಮದುವಿ ಕುಬಸ ಎಲ್ಲಾ ನಿಮಗs. ಇಲ್ಲಂದ್ರ ಗುಲಬರ್ಗಾಕ್ಕ ಕೊಡ್ತೀನಿ."

ಆ ಮನೆಯ ಮದುವೆ ಬಟ್ಟೆ ಗುಲಬರ್ಗಾಕ್ಕೆ ಹೋದರೆ ಸೇಡಂನಿಂದ ಶಹಾಬಾದಿನವರೆಗೆ ನನ್ನ ಹೆಸರು ಮುಗಿದಂತೆ. ನೆರಿಗೆ ಇಲ್ಲದ ಕುಬಸ ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಕ್ಯಾಲೆಂಡರ್ ಇಳಿಸಿ ಮನೆಗೆ ಒಯ್ದೆ. ಊಟ ಬಿಟ್ಟು ಅದನ್ನೇ ನೋಡುತ್ತ ಕೂತೆ. ಹೆಂಡತಿ ಸಿಡಿದಳು.

"ಕಣ್ಣ ಮುಂದ ಬೆಳೆದ ಹುಡುಗಿ. ನಾಚಿಕಿ ಬರಂಗಿಲ್ಲೇನು ನಿಮಗ?"

"ಏ ಹುಚ್ಚಿ, ನಾ ಆಕಿ ಮುಖ ಎಲ್ಲಿ ನೋಡ್ಲಿಕತ್ತೀನಿ? ಬಗಲು ನೋಡ್ಲಿಕತ್ತೀನಿ."

"ಅದಕs ಅಂದೆ!"

ಬಿಚ್ಚಿದೆ, ಹೊಲಿದೆ, ಮತ್ತೆ ಬಿಚ್ಚಿದೆ, ಮತ್ತಷ್ಟು ಬಿಗಿ ಮಾಡಿದೆ. ಕೊನೆಗೊಂದು ದಿನ ಸಾಹುಕಾರತಿ ಒಳಗಿನಿಂದ ಹಾಕಿಕೊಂಡು ಬಂದರು. ಒಂದು ನೆರಿಗೆ ಇಲ್ಲ! ನನ್ನ ಕಣ್ಣು ತುಂಬಿತು. ಚಹಾ ತರಿಸಿದೆ. ಆಕೆ ಬಶಿ ಎತ್ತಲು ಹೋದರು, ಕೈ ಎದೆಯ ಮಟ್ಟಕ್ಕೆ ಬಂದು ನಿಂತಿತು. ಚಹಾ ಆರುತ್ತಿತ್ತು, ಇಬ್ಬರೂ ಅದನ್ನೇ ನೋಡುತ್ತಿದ್ದೆವು.

"ಮಾಸ್ತರ," ಎಂದರು ಸಣ್ಣ ದನಿಯಲ್ಲಿ, "ಕ್ಯಾಲೆಂಡರಿನಂಗs ಅದ. ಖರೇ, ಉಸಿರು ಯಾವಾಗ ತಗೋಬೇಕು, ಅದೊಂದು ಹೇಳಿಬಿಡ್ರಿ."

ಸ್ಟೇಷನ್ನಿನ ಸ್ವಾಗತ

ಅಷ್ಟರಲ್ಲಿ ಆ ಹುಡುಗಿಯೇ ಊರಿಗೆ ಬರುತ್ತಾಳೆಂದು ಸುದ್ದಿ ಬಂತು. ಆ ಕುಬಸದ ಗುಟ್ಟು ಅವಳಿಗೇ ಗೊತ್ತಿರಬೇಕು, ನಾನು ಬದುಕಿದೆ ಅಂದುಕೊಂಡೆ. ಸಾಹುಕಾರತಿಯೂ ಅದಕ್ಕಾಗಿ ನನಗೆ ವಾಯಿದೆ ಕೊಟ್ಟರು.

ಮುಂಬಯಿ ಗಾಡಿ ಬರುವ ಹೊತ್ತಿಗೆ ಪ್ಲಾಟ್‌ಫಾರ್ಮಿನಲ್ಲಿ ಕಾಲಿಡಲು ಜಾಗವಿಲ್ಲ. ಗಾಡಿ ಬಂದು ನಿಂತಿತು, ಎಲ್ಲರ ಕಣ್ಣೂ ಫಸ್ಟ್ ಕ್ಲಾಸ್ ಡಬ್ಬಿಯ ಮೇಲೆ. ಹಸಿರು ಸೀರೆ ಉಟ್ಟು, ವಾರೆಯಾಗಿ ನಿಂತು, ನಗುತ್ತಲೇ ಇಳಿಯುತ್ತಾಳೆಂದು ನಾವೆಲ್ಲ ನಂಬಿದ್ದೆವು. ನನ್ನ ಪಕ್ಕದಲ್ಲಿ ಚಹಾದ ಹೋಟೆಲಿನವನು ಹಾರ ಹಿಡಿದು ನಿಂತಿದ್ದ. ಹಿಂದಿನಿಂದ ಯಾವುದೋ ಬಡಕಲು ಹೆಣ್ಣುಮಗಳು, ಮಾಸಿದ ವಾಯಿಲ್ ಸೀರೆಯಲ್ಲಿ, ಕೈಯಲ್ಲಿ ಟ್ರಂಕು ಹಿಡಿದು, ತುದಿಗಾಲ ಮೇಲೆ ನಿಂತು ಇಣುಕುತ್ತಿದ್ದಳು.

"ಯಾರು ಬರ್ಲಿಕತ್ತಾರ್ರಿ?" ಎಂದು ಅವಳು ಕೇಳಿದಳು.

ಹೋಟೆಲಿನವನು ತಿರುಗಿ ನೋಡದೆ ಹೇಳಿದ: "ಭಾಳ ದೊಡ್ಡ ಮಾಡೆಲ್ ಬರ್ಲಿಕತ್ತಾಳ. ನೀ ಆ ಕಡೆ ಸರಿಯವ್ವಾ, ಆಕಿಗೆ ದಾರಿ ಬೇಕು."

ಅವಳು ಪಾಪ ಸರಿದು ನಿಂತು, ತಾನೂ ಕಾದಳು. ಗಾಡಿ ಹೋಯಿತು. ಗೇಟ್‌ಮನ್ ಹೆಂಡತಿ ಬಂದು ಅವಳ ಗಲ್ಲಕ್ಕೆ ಕಾಡಿಗೆ ಹಚ್ಚಿದ ಮೇಲೆಯೇ ನಮಗೆಲ್ಲ ಗುರುತು ಸಿಕ್ಕಿದ್ದು!

ಬೆನ್ನು ತೋರಿಸದ ಬೀಗರು

ಮರುದಿನ ಬೆಳಿಗ್ಗೆಯೇ ಕ್ಯಾಲೆಂಡರ್ ಹಿಡಿದು ಅವಳ ಮನೆಗೆ ಹೋದೆ. ಸಾಹುಕಾರತಿ ನನಗಿಂತ ಮೊದಲೇ ಬಂದು ಕೂತಿದ್ದರು.

"ತಂಗೀ, ನನ್ನ ಅನ್ನದ ಪ್ರಶ್ನಿ ಅದ," ಎಂದೆ. "ಈ ಕುಬಸ ಹೊಲದವ ಯಾರು?"

ಅವಳು ನೋಡಿ ಬಿದ್ದು ಬಿದ್ದು ನಕ್ಕಳು. "ಕಾಕಾ, ಇದು ನನ್ನಂಥಾ ಇಬ್ಬರಿಗೆ ಸಾಲೂವಷ್ಟು ದೊಡ್ಡದಿತ್ತು. ಹಿಂದ ಮಡಚಿ ಬಟ್ಟಿ ಒಣಹಾಕೋ ಕ್ಲಿಪ್ಪು ಸಾಲಾಗಿ ಹಚ್ಚಿದ್ರು. ಫೋಟೋದಾಗ ಬೆನ್ನು ಯಾರು ನೋಡ್ತಾರ?"

ಅಲ್ಲೇ ನೆಲಕ್ಕೆ ಕೂತುಬಿಟ್ಟೆ. ಅಂಥ ಕುಬಸ ಹೊಲಿಯುವವನು ಗುಲಬರ್ಗಾದಲ್ಲೇನು, ಮುಂಬಯಿಯಲ್ಲೂ ಇಲ್ಲ! ಗೆದ್ದವನ ಗತ್ತಿನಲ್ಲಿ ಸಾಹುಕಾರತಿಯ ಕಡೆ ತಿರುಗಿದೆ. "ಕೇಳಿದ್ರೇನ್ರಿ ಅವ್ವಾರ?"

"ಕೇಳಿದೆ," ಎಂದರು ಆಕೆ, ಸ್ವಲ್ಪವೂ ಅಳುಕದೆ. "ಹಂಗಾದ್ರ ನಮಗೂ ಕ್ಲಿಪ್ಪು ಹಚ್ಚೇ ಕೊಡ್ರಿ."

ಹೀಗೆ ಮದುವೆಯ ಕೆಲಸ ನನಗೇ ಉಳಿಯಿತು. ದೊಡ್ಡ ದೊಡ್ಡ ಕುಬಸ ಹೊಲಿದೆ, ಕ್ಲಿಪ್ಪು ಅವರೇ ತಂದರು. ಮುಂದಿನಿಂದ ನೋಡಿದರೆ ಹೆಣ್ಣಿನ ಕಡೆಯ ಹೆಂಗಸರೆಲ್ಲ ಕ್ಯಾಲೆಂಡರಿನವರೇ. ಹಿಂದಿನಿಂದ ಮಾತ್ರ ಸೆರಗಿನ ಕೆಳಗೆ ಕ್ಲಿಪ್ಪುಗಳು ಸಾಲಾಗಿ ಉಬ್ಬಿ ನಿಂತಿದ್ದವು. ಆದ್ದರಿಂದ ಅಕ್ಷತೆ ಹಾಕಿದವರು ತಿರುಗಲಿಲ್ಲ. ಮುಖ ಗಂಡಿನವರ ಕಡೆಗೇ ಇಟ್ಟು, ನಗುತ್ತ, ಒಂದೊಂದೇ ಹೆಜ್ಜೆ ಹಿಂದಕ್ಕೆ ಇಟ್ಟು ಹಂದರದಿಂದ ಹೊರಗೆ ಹೋದರು. ಊಟಕ್ಕೂ ಹಾಗೇ, ಆರತಿಗೂ ಹಾಗೇ. ನಾನು ಒಂದು ಮೂಲೆಯಲ್ಲಿ ದೇವರನ್ನು ನೆನೆಯುತ್ತ ನಿಂತಿದ್ದೆ. ಒಂದು ಕ್ಲಿಪ್ಪು ಹಾರಿದರೂ ನನ್ನ ಹೆಸರು ಅದರ ಜೊತೆಗೇ ಹಾರುತ್ತಿತ್ತು.

ಗಂಡಿನ ಕಡೆಯವರು ಚಿಂಚೋಳಿಯವರು. ವರನ ತಾಯಿ ಇದನ್ನೆಲ್ಲ ಬಹಳ ಹೊತ್ತು ನೋಡಿ, ತಮ್ಮವರನ್ನು ಹತ್ತಿರ ಕರೆದರು. ನಾನು ಹಂದರದ ಕಂಬದ ಹಿಂದೆ ಸರಿದೆ.

"ನೋಡ್ರೆವ್ವಾ, ಎಂಥಾ ಮರ್ಯಾದಿ ಮಂದಿ," ಎಂದರು ಆಕೆ. "ಬೀಗರಿಗೆ ಬೆನ್ನು ಸುದ್ದಾ ತೋರ್ಸಂಗಿಲ್ಲ. ನಾವೇನು ಕಡಿಮಿ ಏನು?"

ಸೊಸೆಯನ್ನು ಕರೆದುಕೊಂಡು ಹೊರಡುವ ಹೊತ್ತು ಬಂತು. ಹೆಣ್ಣಿನವರು ಕೈ ಮುಗಿದು ಮನೆಯ ಕಡೆಗೆ ಹಿಂದು ಹಿಂದಕ್ಕೆ ನಡೆದರು. ಗಂಡಿನವರು ಕೈ ಮುಗಿದು ಬಸ್ಸಿನ ಕಡೆಗೆ ಹಿಂದು ಹಿಂದಕ್ಕೆ ನಡೆದರು.

ನನ್ನ ಪಕ್ಕದಲ್ಲಿ ನಿಂತಿದ್ದ ಗೇಟ್‌ಮನ್ ಬಾಯಲ್ಲಿನ ಎಲೆಅಡಿಕೆ ಅಗಿಯುವುದನ್ನೇ ಮರೆತಿದ್ದ. "ಮಾಸ್ತರ," ಎಂದ ಮೆಲ್ಲಗೆ, "ಇಷ್ಟು ವರ್ಷ ಝಂಡಾ ಹಿಡಿದೀನಿ. ಎರಡೂ ಗಾಡಿ ಒಮ್ಮೆಗೇ ರಿವರ್ಸ್ ಹೋಗೂದು ಇವತ್ತೇ ನೋಡಿದೆ."