ಆಚಾರ್ರ ಮನಿ ಫಟಫಟಿ ಕುಡಿಯೋದು ಕಲ್ತದ್ದು

ಗಾಡಿ ರಿಪೇರಿ ಮಾಡೋನ ಕಡೆ ಗಾಡಿಗಿಂತ ಹೆಚ್ಚು ಕೆಟ್ಟು ಬರೋದು ಮಂದಿ ತಲಿ. ಬೈಲಹೊಂಗಲದಾಗ ಪಾನಾ-ಇಕ್ಕಳ ಹಿಡಕೊಂಡು ಕುಂತು ಮೂವತ್ತು ವರ್ಷದ ಮ್ಯಾಲಾತು, ಇಂಥಾವು ವಾರಕ್ಕೊಂದರ ಆಗೇ ಆಗತಾವ. ಬ್ಯಾರೆದವರದು ಹೇಳಿ ನಗೋಣು ಅಂದ್ರ, ಅವರು ನಾಳೆ ಬಂದು ಅಂಗಡಿ ಮುಂದ ನಿಂದರ್ತಾರ. ಅದಕ್ಕ ನಂದ ಹೇಳತೀನಿ. ನನ್ನ ಅಂಗಡಿಯೊಳಗ ಎಲ್ಲಾಕಿಂತ ಮೊದಲು ಕೆಟ್ಟದ್ದು ನನ್ನ ತಲಿನ.

ಎಪ್ಪತ್ತರ ದಶಕದ ಮಾತು. ನಮ್ಮಪ್ಪ ವೈದಿಕರು, ಊರಿಗೆಲ್ಲಾ ಆಚಾರ್ರು. ಬೈಲಹೊಂಗಲ, ಕಿತ್ತೂರು, ಸವದತ್ತಿ ಕಡೆ ಪೂಜಾ-ಪುನಸ್ಕಾರ ಅಂದ್ರ ಅವರನ್ನ ಕರೀತಿದ್ರು. ನಾ ಮಂತ್ರ ಅರ್ಧಕ್ಕ ಬಿಟ್ಟು, ಬೆಳಗಾವ್ಯಾಗ ಎಂಜಿನ್ ಬಿಚ್ಚೋದು ಕಲ್ತು ಬಂದೆ. ಅಪ್ಪ ಬೈಲಿಲ್ಲ. ಅಂಗಡಿಗೆ ಮನಿ ಪಡಸಾಲಿ ಬಿಟ್ಟುಕೊಟ್ಟು ಒಂದ ಮಾತು ಹೇಳಿದ್ರು: "ಎಣ್ಣಿ ಬಳಕೋ, ಮಸಿ ಬಳಕೋ, ನಂದೇನೂ ಇಲ್ಲ. ಆದ್ರ ಈ ಹೊಸ್ತಿಲದೊಳಗ ನಿಷಿದ್ಧ ವಸ್ತು ಬಂದ ದಿನ ನಿನ್ನ ಅಂಗಡಿ ಬೀದಿಗೆ."

ಬೀದಿಗೆ ಬಿದ್ರ ಬ್ಯಾರೆ ಜಾಗಾ ನನಗ ಯಾರು ಕೊಡಬೇಕು? ಆ ಪಡಸಾಲಿನ ನನ್ನ ಜೀವ. ಅಲ್ಲೇ ಒಂದು ಹಳೇ ಮೋಟಾರ್ ಸೈಕಲ್, ನಮ್ಮ ಕಡೆ ಫಟಫಟಿ ಅಂತೀವಿ, ನಿಲ್ಲಸಿಕೊಂಡಿದ್ದೆ. ಒಮ್ಮೆ ಆದ್ರೂ ಅಪ್ಪ ಅದರ ಹಿಂದ ಕುಂದರಬೇಕು ಅಂತ ನನ್ನಾಶಾ. ಅವರು ಮಾತ್ರ "ಬಸ್ ಅದ ಅಲ್ಲೋ" ಅಂತ ಮಡಿ ಪಂಜಿ ಚೀಲದಾಗ ಹಾಕ್ಕೊಂಡು ಸ್ಟ್ಯಾಂಡಿಗೆ ನಡದೇ ಹೋಗತಿದ್ರು.

ಮಾಸ್ತರ್ ಹೇಳಿದ್ದು

ಪೆಟ್ರೋಲ್ ದರ ಒಮ್ಮೆಲೇ ಏರಿದ ಕಾಲ. ಕಾಲೇಜಿನ ರಸಾಯನಶಾಸ್ತ್ರದ ಮಾಸ್ತರ್ ಒಬ್ರು ಸ್ಕೂಟರ್ ರಿಪೇರಿಗೆ ತಂದು, ಕಟ್ಟಿ ಮ್ಯಾಲೆ ಕುಂತು ಮಾತಿಗೆ ಹತ್ತಿದ್ರು.

"ನೋಡ್ರಿ, ಸಕ್ಕರಿ ಕಾರಖಾನ್ಯಾಗ ಕಾಕಂಬಿ ಉಳೀತದ. ಅದರಿಂದ ಸ್ಪಿರಿಟ್ ತಗೀತಾರ. ಆ ಸ್ಪಿರಿಟ್ ಪೆಟ್ರೋಲಿಗೆ ಬೆರಸಿದ್ರ ಗಾಡಿ ಓಡತದ. ಪರದೇಶದಾಗ ಓಡಸ್ಯಾರ."

ಮಧ್ಯಾಹ್ನದ ಬಿಸಲು ಪಡಸಾಲಿಗೆ ಅರ್ಧಾ ಬಂದು ಮಲಗಿತ್ತು. ನನ್ನ ಕೈಯಾಗ ಪಾನಾ ಇತ್ತು, ಕಣ್ಣು ಮಾತ್ರ ಎಲ್ಲೋ ಹೋಗಿಬಿಟ್ವು. ಕಬ್ಬಿನ ಚಕ್ಕಡಿ ಸಾಲಾಗಿ ಬಂದು ಪೆಟ್ರೋಲ್ ಪಂಪಿನ ಮುಂದ ನಿಂತಾವ. ಎರಡೂ ಕಡೆ ಕುಸುಬಿ ಹೂ, ನಡುವ ನನ್ನ ಫಟಫಟಿ. ಹಿಂದಿನ ಕೊಳವಿಯಿಂದ ಹೊಗಿ ಬರೋ ಬದ್ಲಿ ಆಲೆಮನಿ ಬೆಲ್ಲದ ವಾಸನಿ ಬರಲಿಕ್ಕೆ ಹತ್ತೇದ. ಹಿಂದ ಅಪ್ಪ ಕುಂತಾರ, ಅವರ ಶಲ್ಯೆ ಗಾಳ್ಯಾಗ ಹಾರಲಿಕ್ಕೆ ಹತ್ತೇದ. ಯಲ್ಲಮ್ಮನ ಗುಡ್ಡ ಮೆಲ್ಲಕ ಹತ್ರ ಬರಲಿಕ್ಕೆ ಹತ್ತೇದ.

ಮಾಸ್ತರ್ ಆಮ್ಯಾಲೆ "ಆದ್ರ..." ಅಂತ ಸುರು ಮಾಡಿ ಹತ್ತು ಮಿನಿಟ್ ಏನೇನೋ ಹೇಳಿದ್ರು. ಆ "ಆದ್ರ"ದ ಮುಂದಿನದು ನಾ ಕೇಳಲೇ ಇಲ್ಲ. ನಾ ಆಗಲೇ ಸವದತ್ತಿ ಮುಟ್ಟಿದ್ದೆ.

ಮುಂಜಾನೆ ಕಸರತ್ತು

ಸ್ಪಿರಿಟ್ ಎಲ್ಲಿಂದ ತರೋದು? ನಮ್ಮ ಓಣ್ಯಾಗ ಒಬ್ಬ ಬಡಿಗ್ಯಾ ಇದ್ದ. ಕುರ್ಚಿ-ಟೇಬಲ್ಲಿಗೆ ಪಾಲಿಶ್ ಹಚ್ಚಲಿಕ್ಕೆ ಸ್ಪಿರಿಟ್ ಇಟ್ಟಿರ್ತಿದ್ದ. ಒಂದು ಬಾಟಲಿ ಕೇಳಿದೆ.

"ಏನ್ ಪಾಲಿಶ್ ಮಾಡಾವ್ರಿ?" ಅಂದ.

"ಗಾಡಿಗೆ" ಅಂದೆ. ಸುಳ್ಳೇನಲ್ಲ, ಅರ್ಧಾ ಖರೆ.

ಮೂರು ಪಾಲು ಪೆಟ್ರೋಲ್, ಒಂದು ಪಾಲು ಸ್ಪಿರಿಟ್. ಮಧ್ಯಾಹ್ನ ಹಾಕಿದೆ, ಗಾಡಿ ಗುರ್ ಅಂತ ಎದ್ದು ಓಡೇ ಓಡತು. ಊರ ಹೊರಗ ಹೋಗಿ, ಬೇವಿನ ಗಿಡದ ಕೆಳಗ ನಿಲ್ಲಿಸಿ, ಅದರ ಹೊಗಿ ವಾಸನಿ ತಗೋತ ಕಣ್ಣು ಮುಚ್ಚಿ ನಿಂತೆ. ಬೆಲ್ಲದ ವಾಸನಿ ಏನೂ ಬರಲಿಲ್ಲ. ಆದ್ರ ಬಂದಂಗ ಅನಸ್ತು.

ಆಗ ದೀಪಾವಳಿ ಮುಗದು ಥಂಡಿ ಬಿದ್ದಿತ್ತು. ಮುಂಜಾನೆ ಎದ್ದು ಕಿಕ್ ಹೊಡದ್ರ ಗಾಡಿ ಒಂದು ಕೆಮ್ಮು ಕೆಮ್ಮಿ ಸುಮ್ಮನಾಗತಿತ್ತು. ಸ್ಪಿರಿಟ್ಟಿಗೆ ಥಂಡಿ ಆಗಿಬರೋದಿಲ್ಲ, ಲಗೂನ ಹೊತ್ತಿಕೊಳ್ಳೋದಿಲ್ಲ ಅನ್ನೋದು ನನಗೇನು ಗೊತ್ತು? ಇಪ್ಪತ್ತು ಕಿಕ್ಕು, ಮೂವತ್ತು ಕಿಕ್ಕು. ಅಂಗಿ ತೊಯ್ದು ತಪ್ಪಡಿ. ಏದುಸಿರು ಬಿಡತಾ ಹಂಡೆ ಒಲಿ ಮುಂದ ಹೋಗಿ ಕೂಡತಿದ್ದೆ.

ಅಪ್ಪ ಸಂಧ್ಯಾವಂದನಿ ಮುಗಿಸಿ ಅವ್ವಗ ಹೇಳಿದ್ದು ನನ್ನ ಕಿವಿಗೆ ಬಿತ್ತು: "ನಮ್ಮಾವಾ ಸುಧಾರಿಸ್ಯಾನ ನೋಡು. ಸೂರ್ಯ ಹುಟ್ಟೋ ಮೊದಲ ಎದ್ದು ಕಸರತ್ತು ಮಾಡ್ತಾನ."

ಗೌಡ್ರು ಮುಂದ, ಗಾಡಿ ಹಿಂದ

ಹತ್ರದ ಹಳ್ಳಿ ಗೌಡ್ರು ಒಬ್ರಿದ್ರು, ನನ್ನ ಖಾಯಂ ಗಿರಾಕಿ. ಅವರ ಬಾವಿ ಮ್ಯಾಲಿನ ಎಂಜಿನ್ ನಾನ ನೋಡಿಕೋತಿದ್ದೆ. ಒಂದಿನ ಅವರಿಗೆ ಕಿತ್ತೂರಾಗ ಕೆಲಸಿತ್ತು. "ಬರ್ರಿ ಗೌಡ್ರ, ಬಿಟ್ಟು ಬರ್ತೀನಿ" ಅಂತ ಹಿಂದ ಕುಂದರಿಸಿಕೊಂಡೆ.

ಒಂದು ಮೈಲು ದಾಟೋದರೊಳಗ ಗಾಡಿ ನಿಂತಿತು. ಕಾರ್ಬುರೇಟರ್ ಬಿಚ್ಚಿ ನೋಡಿದ್ರ ಪೆಟ್ರೋಲ್ ಚಿಮ್ಮೋ ಜೆಟ್ಟಿನ ಸಣ್ಣ ತೂತಿನಾಗ ಕೆಂಪು ತುಕ್ಕಿನ ಹುಡಿ. ಊದಿ ಜೋಡಿಸಿದೆ. ಮತ್ತೊಂದು ಅರ್ಧ ಮೈಲಿಗೆ ಮತ್ತ ನಿಂತಿತು. ಮತ್ತ ಬಿಚ್ಚಿದೆ, ಮತ್ತ ಊದಿದೆ. ಪೆಟ್ರೋಲ್ ಟಾಕಿಯೊಳಗ ಹತ್ತು ವರ್ಷದಿಂದ ಅಂಟಿಕೊಂಡು ಕುಂತಿದ್ದ ತುಕ್ಕನ್ನೆಲ್ಲಾ ಆ ಸ್ಪಿರಿಟ್ ತಿಕ್ಕಿ ತೊಳದು ಕೆಳಗ ಕಳಸಲಿಕ್ಕೆ ಹತ್ತಿತ್ತು.

"ಮಿಸ್ತ್ರಿ, ಗಾಡಿ ಕೆಟ್ಟೈತೇನ್ರಿ?" ಅಂದ್ರು ಗೌಡ್ರು.

"ಏ ಇಲ್ರೀ! ಟಾಕಿ ಸ್ವಚ್ಛ ಆಗಲಿಕ್ಕೆ ಹತ್ತೇದ" ಅಂತ ದೊಡ್ಡಸ್ತಿಕಿಲೆ ಹೇಳಿದೆ.

ಹಿಂಗ ನಿಂತು ನಿಂತು ಹೋಗಿ, ಕಿತ್ತೂರು ಎರಡು ಮೈಲು ಇದ್ದಾಗ ಮತ್ತ ನಿಂತಿತು. ಗೌಡ್ರು ಇಳದು, ಧೋತರ ಝಾಡಿಸಿ, ರುಮಾಲು ಸರಿ ಮಾಡಿಕೊಂಡ್ರು. "ನೀವ್ ಸ್ವಚ್ಛ ಮಾಡ್ಕೋಂತ ಬರ್ರಿ, ನಾ ಹಿಂಗ ಕಾಲು ಹಗುರ ಮಾಡ್ಕೋಂತ ಮುಂದ ನಡದಿರ್ತೇನಿ."

ನಾ ಹೊಲದ ಬದುವಿನ ಮ್ಯಾಲೆ ಕುಂತು ಜೆಟ್ ಊದತಾ, ಬಿಳೇ ಮೋಡ ನೋಡತಾ, ಕಬ್ಬಿನ ಪೆಟ್ರೋಲ್ ಪಂಪಿಗೆ ಏನು ಬಣ್ಣ ಹಚ್ಚಬೇಕು ಅಂತ ವಿಚಾರ ಮಾಡಕೋತ ಹೊತ್ತು ಕಳದೆ. ಕಿತ್ತೂರು ಮುಟ್ಟಿದಾಗ ಹೆದ್ದಾರಿ ಬಾಜೂಕ ಚಾದಂಗಡ್ಯಾಗ ಗೌಡ್ರು ಕುಂತಿದ್ರು. ಕೆಲಸ ಮುಗಿಸಿ ಎರಡನೇ ಚಾ ಕುಡ್ಯಾಕ ಹತ್ತಿದ್ರು.

"ಬರ್ರಿ ಮಿಸ್ತ್ರಿ, ಕುಂದರ್ರಿ. ತಿರಗಿ ಹೋಗಾಕ ನಿಮ್ಮನ್ನ ನಾನ ಬಸ್ಸಿನ್ಯಾಗ ಕರ್ಕೊಂಡು ಹೋಗಲೇನು?"

ಬೆಂಡಿನ ಗತಿ

ಇಷ್ಟಾದ್ರೂ ಗೌಡ್ರಿಗೆ ನನ್ನ ಮ್ಯಾಲೆ ವಿಶ್ವಾಸ. ಸ್ಪಿರಿಟ್ಟಿನ ಗುಟ್ಟು ಅವರೊಬ್ರಿಗೇ ಹೇಳಿದ್ದೆ. "ಅಗ್ಗ ಆಗತೈತಂದ್ರ ನಮ್ಮ ಬಾವಿ ಎಂಜಿನ್ನಿಗೂ ಹಾಕ್ರಿ" ಅಂದ್ರು. ಹಾಕಿ ಬಂದೆ.

ಮೂರನೇ ದಿನ ಹೇಳಿ ಕಳಿಸಿದ್ರು: ಬಾವಿಯಾಗಿಂದು ನೀರು ಮ್ಯಾಲೆ ಬರವಲ್ದು, ಎಂಜಿನ್ನಾಗಿಂದು ಪೆಟ್ರೋಲ್ ಕೆಳಗ ಹರ್ಯಾಕ ಹತ್ತೈತಿ. ಹೋಗಿ ಬಿಚ್ಚಿದೆ. ಆ ಹಳೇ ಎಂಜಿನ್ನಿನ ಕಾರ್ಬುರೇಟರಿನಾಗ ಒಂದು ಬೆಂಡಿನ ತುಂಡು ತೇಲತಾ ಇರತಿತ್ತು. ಪೆಟ್ರೋಲ್ ತುಂಬಿದ ಕೂಡಲೇ ಅದು ಮ್ಯಾಲೆದ್ದು ಬಾಗಲಾ ಮುಚ್ಚಬೇಕು. ಈಗ ನೋಡಿದ್ರ ಅದರ ಮ್ಯಾಲಿನ ಹೊಳಪಿನ ಲೇಪ ಪೂರಾ ಮಾಯ. ಬೆಂಡು ಪೆಟ್ರೋಲ್ ಕುಡದು, ಚಹಾದಾಗ ಬಿದ್ದ ಬಿಸ್ಕೀಟಿನಂಗ ತಳಾ ಸೇರಿತ್ತು.

ಹೊಸ ಲೇಪ ಹಚ್ಚಿಸೋಣಂತ ಬಡಿಗ್ಯಾನ ಕಡೆ ಒಯ್ದೆ. ಅವ ತಿರುವಿ ಮುರುವಿ ನೋಡಿ ನಕ್ಕ.

"ಇದು ಅರಗಿನ ಲೇಪ ಅಲ್ರೀ ಸ್ವಾಮಿ? ಇದಕ್ಕ ಸ್ಪಿರಿಟ್ ತಾಗೈತಿ. ಅರಗು ಕರಗಿಸಾಕನ ನಾವು ಸ್ಪಿರಿಟ್ ತರೋದು! ಮೂರು ತಿಂಗಳಿಂದ ವಾರಕ್ಕ ಎರಡು ಬಾಟಲಿ ಒಯ್ಯಾಕ ಹತ್ತೀರಿ, ಪಾಲಿಶ್ ಅಂದ್ರ ಏನಂತ ಸುದ್ದಾ ನಿಮಗ ಗೊತ್ತಿಲ್ಲೇನ್ರಿ?"

ಅವನ ನಗೀ ಮೆಲ್ಲಕ ಆರತು. "ಹಂಗಾರ ಆ ಬಾಟಲಿ ಎಲ್ಲಾ ಏನ್ ಮಾಡ್ತೀರಿ?"

ಅಪ್ಪನ ಲೆಕ್ಕಕ್ಕ ಸ್ಪಿರಿಟ್ಟೂ ಹೆಂಡನ. ಗಾಡಿಗೆ ಹಾಕತೀನಿ ಅಂದ್ರ ಓಣಿತುಂಬ ಸುದ್ದಿ ಆಗಿ ಅಪ್ಪನ ಕಿವಿಗೆ ಮುಟ್ಟತದ, ಅಂಗಡಿ ಬೀದಿಗೆ ಬರತದ. ಬಾಯಿಗೆ ಬಂದದ್ದು ಅಂದುಬಿಟ್ಟೆ:

"ಏನಿಲ್ಲ ಮಾರಾಯಾ, ಮನ್ಯಾಗ ಖರ್ಚಾಗತದ."

ಬಾಯಿ ತೆಗಿ

ಬಡಿಗ್ಯಾ ಒಳ್ಳೇ ಮನುಷ್ಯಾ. ಒಳ್ಳೇವರಿಂದನ ಹೆಚ್ಚು ತ್ರಾಸು. ಮರುದಿನ ಮುಂಜಾನೆ ನಮ್ಮ ಮನಿ ಮುಂದ ಕೈ ಮುಗದು ನಿಂತಿದ್ದ.

"ಆಚಾರ್ರ, ಸಣ್ಣ ಬಾಯಾಗ ದೊಡ್ಡ ಮಾತು ಅಂತ ಸಿಟ್ಟಾಗಬ್ಯಾಡ್ರಿ. ನಿಮ್ಮ ಮಗ ವಾರಕ್ಕ ಎರಡು ಬಾಟಲಿ ಸ್ಪಿರಿಟ್ ಒಯ್ತಾರ್ರಿ. ಅದು ಪಾಲಿಶಿಂದು, ಅದರಾಗ ವಿಷ ಹಾಕಿರ್ತಾರ. ಕುಡದ್ರ ಕಣ್ಣು ಹೋಗತಾವ್ರಿ."

ಅಪ್ಪ ನನ್ನ ಕರದ್ರು. "ಬಾಯಿ ತೆಗಿ" ಅಂದ್ರು. ಮೂಗು ಹತ್ರ ತಂದು ವಾಸನಿ ನೋಡಿದ್ರು. ಒಳಗ ಅವ್ವ ಸೆರಗು ಬಾಯಿಗೆ ಹಿಡಕೊಂಡು ಅಳಲಿಕ್ಕೆ ಸುರು ಮಾಡಿದ್ಲು. ಇನ್ನ ಮುಚ್ಚಿಟ್ಟೇನು ಮಾಡೋದು?

"ಅಪ್ಪಾ, ದೇವರಾಣಿ, ನಾ ಕುಡಿಯೋದಿಲ್ಲ. ಗಾಡಿ ಕುಡೀತದ."

ಅಪ್ಪ ಹೊಳ್ಳಿ ಪಡಸಾಲ್ಯಾಗ ನಿಂತಿದ್ದ ಫಟಫಟಿ ನೋಡಿದ್ರು. ಅದು ಎಂದಿನಂಗ ಒಂದ ಕಡೆ ವಾಲಿಕೊಂಡು ನಿಂತಿತ್ತು. "ಅದಕ್ಕ!" ಅಂದ್ರು.

ಅರ್ಧಾ ಶುದ್ಧಿ ಇರೋದಿಲ್ಲ

"ಮಾತಂದ್ರ ಮಾತು. ಸಂಜೀ ಒಳಗ ಪಡಸಾಲಿ ಖಾಲಿ ಮಾಡು" ಅಂದ್ರು ಅಪ್ಪ.

ನನ್ನ ಕಬ್ಬು, ಕುಸುಬಿ, ಯಲ್ಲಮ್ಮನ ಗುಡ್ಡ ಎಲ್ಲಾ ಒಮ್ಮೆಲೇ ಮಸಕ ಆದ್ವು. ಪಾನಾ ಒಂದೊಂದಾಗಿ ಗೋಣಿಚೀಲಕ್ಕ ಹಾಕಲಿಕ್ಕೆ ಹತ್ತಿದೆ. ಕಣ್ಣೊರಸಿಕೊಂಡ ಅವ್ವ ಅಡಗೀ ಮನಿಯಿಂದನ ಕೇಳಿದ್ಲು, "ಮನುಷ್ಯಾ ತಪ್ಪಿದ್ರ ಪ್ರಾಯಶ್ಚಿತ್ತ ಅದ. ಗಾಡಿಗೆ ಏನೂ ಇಲ್ಲೇನ್ರಿ, ಪಾಪ?"

ಅಪ್ಪ ವಿಚಾರಕ್ಕ ಬಿದ್ರು. ಫಟಫಟಿ ಸುತ್ತ ಎರಡು ಸುತ್ತು ಹಾಕಿದ್ರು. ಟಾಕಿ ಮ್ಯಾಲೆ ಬೆರಳಿಲೆ ಬಡದು ನೋಡಿದ್ರು. "ಇದು ಒಂದು ಪಾತ್ರಿನ ಅಲ್ಲೇನೋ? ಪಾತ್ರಿಗೆ ಶುದ್ಧಿ ಅದ."

ಮತ್ತ ಸ್ನಾನ ಮಾಡಿ, ಮಡಿ ಉಟಗೊಂಡು, ಒಂದು ಗಿಂಡಿ ತೀರ್ಥ ತಯಾರ ಮಾಡಿಕೊಂಡು ಬಂದ್ರು. "ಟಾಕಿ ಮುಚ್ಚಳ ತೆಗಿ."

ಪೆಟ್ರೋಲಿನಾಗ ನೀರು! ಮಿಸ್ತ್ರಿ ಆದವಗ ಇದಕ್ಕಿಂತ ದೊಡ್ಡ ಶಿಕ್ಷಾ ಇಲ್ಲ. ಬ್ಯಾಡ ಅಂದ್ರ ಅಂಗಡಿ ಹೋಗತದ, ಸುಮ್ಮನಿದ್ರ ಗಾಡಿ ಹೋಗತದ. ಮುಚ್ಚಳ ತೆಗದೆ. ಅಪ್ಪ ಮಂತ್ರ ಹೇಳಕೋತ ಸುರೀತಾನ ಹೋದ್ರು.

"ಸಾಕ್ರಿ ಅಪ್ಪಾ..."

"ಅರ್ಧಾ ಶುದ್ಧಿ ಇರೋದಿಲ್ಲೋ" ಅಂತ ಗಿಂಡಿ ಬೋರಲು ಹಾಕಿದ್ರು. "ಈಗ ಸುರು ಮಾಡು. ಸುರು ಆದ್ರ ಶುದ್ಧ ಆತು. ಇಲ್ಲಂದ್ರ ಬೀದಿಗೆ."

ಕಿಕ್ ಹೊಡದೆ. ಎರಡು ಸಲ ಗುಡುಗುಡು ಅಂದು ಸತ್ತೇ ಹೋತು. ಓಣಿ ಮಂದಿ ಎಲ್ಲಾ ಬಾಗಲಾಗ ಕೂಡಿದ್ರು. "ಅಪ್ಪಾ, ತೀರ್ಥ ತಳಕ್ಕ ಇಳೀಲಿ, ಒಂದು ತಾಸು ಬಿಡ್ರಿ" ಅಂತ ಗೋಗರದೆ.

ತಾಸಿನ ಮ್ಯಾಲೆ ಟಾಕಿ ಕೆಳಗಿನ ನಳಿಗಿ ಬಿಚ್ಚಿ, ಗಾಜಿನ ಬಾಟಲಿ ಹಿಡದು ಒಳಗಿಂದು ಇಳಿಸಲಿಕ್ಕೆ ಹತ್ತಿದೆ. ಮೊದಲು ಒಂದು ತುಳಸಿ ದಳ ಬಂತು. ಆಮ್ಯಾಲೆ ಮಸಕ ಮಸಕ ನೀರು. ಬರತಾನ ಇತ್ತು. ಅಪ್ಪ ಹಾಕಿದ್ದು ಒಂದು ಗಿಂಡಿ, ನಾ ಇಳಿಸಿದ್ದು ಮೂರು ಗಿಂಡಿ! ಬಿಸಲಿಗೆ ಹಿಡದು ವಾಸನಿ ನೋಡಿದೆ. ಸ್ಪಿರಿಟ್. ಆ ಸ್ಪಿರಿಟ್ಟಿಗೆ ಪೆಟ್ರೋಲಿಗಿಂತ ನೀರಿನ ಮ್ಯಾಲೆ ಪ್ರೀತಿ ಹೆಚ್ಚಂತ, ತೀರ್ಥ ಕಂಡಕೂಡಲೇ ಪೆಟ್ರೋಲಿನ ಕೈ ಬಿಟ್ಟು ಅದರ ಜೋಡಿ ತಳಕ್ಕ ಹೋಗಿ ಕುಂತಿತ್ತು. ಮ್ಯಾಲೆ ಉಳದದ್ದು ಬರೇ ಪೆಟ್ರೋಲ್.

ಬಾಟಲಿ ಎಲ್ಲಿ ಚೆಲ್ಲೋದು ಅಂತ ಅವ್ವಗ ಧರ್ಮಸಂಕಟ. ತೀರ್ಥ ಅಂತ ತುಳಸಿಗೆ ಹಾಕಿದ್ರ ತುಳಸಿ ಒಣಗತದ, ಹೆಂಡ ಅಂತ ಗಟಾರಕ್ಕ ಹಾಕಿದ್ರ ತೀರ್ಥಕ್ಕ ಅಪಚಾರ. "ಹಿತ್ತಲ ಬೇಲಿ ಬುಡಕ್ಕ ಹಾಕ್ರಿ, ಅಲ್ಲಿ ಯಾರೂ ಪೂಜಾ ಮಾಡೋದಿಲ್ಲ, ಯಾರೂ ತುಳಿಯೋದೂ ಇಲ್ಲ" ಅಂದ್ರು ಅಪ್ಪ.

ನಳಿಗಿ ಜೋಡಿಸಿ ದೇವರನ್ನ ನೆನಸಿ ಒಂದ ಕಿಕ್ ಹೊಡದೆ. ಮೂರು ತಿಂಗಳಾಗ ಒಮ್ಮೆಯೂ ಎದ್ದಿರದಂಗ ಎದ್ದು ನಿಂತಿತು. ಅಪ್ಪ ನಗಲಿಲ್ಲ. "ಹೂಂ" ಅಂದ್ರು. ಚೀಲ ತಗೊಂಡು, ಪಂಜಿ ಎತ್ತಿ ಕಟ್ಟಿ, ನನ್ನ ಹಿಂದ ಹತ್ತಿ ಕುಂತ್ರು. "ಕಿತ್ತೂರಿಗೆ ನಡಿ. ನಿನ್ನ ಗಾಡಿ ಶುದ್ಧಿ ಮಾಡೋದರಾಗ ನನ್ನ ಬಸ್ಸು ತಪ್ಪೇದ."

ಆ ದಾರಿ ನಾ ಹೆಂಗ ಹೋದೆನೋ ಗೊತ್ತಿಲ್ಲ. ಜ್ವಾಳದ ಹೊಲದ ಮ್ಯಾಲೆ ಏರೋ ಬಿಸಲು, ಬೆನ್ನಿಗೆ ಅಪ್ಪನ ಕೈ. ಎಲ್ಲೂ ನಿಲ್ಲಲಿಲ್ಲ. ಖುಷಿಗೆ ಕಣ್ಣಾಗ ನೀರು ಬಂದ್ವು, ಧೂಳು ಅಂತ ಹೇಳಿ ಒರಸಿಕೊಂಡೆ.

ಅಪ್ಪ ಕಿತ್ತೂರಾಗ ಪೂಜಾ ಮುಗಿಸಿ ಊಟಕ್ಕ ಕುಂತಾಗ ಈ ಕಥಿ ಹೇಳಿರಬೇಕು. ಎಂಟು ದಿನಾ ಆಗಿರಲಿಲ್ಲ, ಒಂದು ಮುಂಜಾನೆ ಗೌಡ್ರು ಬಾವಿ ಎಂಜಿನ್ ಚಕ್ಕಡಿ ಮ್ಯಾಲೆ ಹೇರಿಕೊಂಡು ಬಂದ್ರು. ಅದರ ಟಾಕಿಯೊಳಗ ಇನ್ನೂ ನಾ ಹಾಕಿದ ಮಿಶ್ರಣನ ಇತ್ತು. ಹಿಂದ ಇನ್ನೂ ನಾಲ್ಕು ಮಂದಿ, ಪೆಟ್ರೋಲಿನಾಗ ಏನೋ ಕಲಬೆರಕಿ ಆಗೇತಿ ಅಂತ ಗಾಡಿ ತಳ್ಳಿಕೊಂಡು ಬಂದು ನಿಂತಿದ್ರು. ನನಗ ಹಿಗ್ಗೋ ಹಿಗ್ಗು. ತೋಳು ಏರಿಸಿ, ಪಾನಾ ಹಿಡಕೊಂಡು, "ಬರ್ರಿ ಗೌಡ್ರ, ಈಗ ಬಿಚ್ಚತೀನಿ" ಅಂತ ಮುಂದ ಬಂದೆ.

ಗೌಡ್ರು ನನ್ನ ಭುಜಾ ಹಿಡದು ಮೆಲ್ಲಕ ಬಾಜೂಕ ಸರಿಸಿದ್ರು.

"ನೀವ್ ಸ್ವಲ್ಪ ಹಿಂದ ಸರೀರಿ ಮಿಸ್ತ್ರಿ. ಆಚಾರ್ರದು ಸ್ನಾನ ಆಗೇತೇನ್ರಿ?"