ಮೂಗಿಲ್ಲದ ನೊಣಗಳು

ಅತ್ತೆ ಎಡಗಿವಿಗೆ ಔಷಧಿ ಬಿಟ್ಟುಕೊಂಡ ಮೇಲೆ ಅದನ್ನು ಮುಚ್ಚಲು ಚೂರು ಹತ್ತಿ ಬೇಕಾಗಿತ್ತು. ಮನೆಯಲ್ಲಿದ್ದ ಹತ್ತಿ ಮುಗಿದಿತ್ತು. ಊಟದ ಮೇಜಿನ ಮೇಲೆ ಒಂದು ಗಾಜಿನ ಸೀಸೆ ಇತ್ತು. ಅದರ ಬಾಯಿಗೆ ಬೆಳ್ಳನೆಯ, ಮೆತ್ತನೆಯ, ಹಿಡಿ ತುಂಬುವಷ್ಟು ಹತ್ತಿ ತುರುಕಿತ್ತು. ಅತ್ತೆ ಅದನ್ನು ಕಿತ್ತು, ಬೇಕಾದಷ್ಟು ಹರಿದು ಕಿವಿಗಿಟ್ಟುಕೊಂಡು, ಉಳಿದದ್ದನ್ನು ನಾಳೆಗಿರಲೆಂದು ಕನ್ನಡಕದ ಡಬ್ಬಿಯಲ್ಲಿ ಜೋಪಾನ ಮಾಡಿದರು. ಸೀಸೆಯೊಳಗಿದ್ದ ಇನ್ನೂರು ಚಿಲ್ಲರೆ ನೊಣಗಳು, ಬಿಡುಗಡೆ ಇಷ್ಟು ಸುಲಭವಾಗಿ ಸಿಕ್ಕೀತೆಂದು ನಂಬಲಾರದೆ ಕ್ಷಣಹೊತ್ತು ಅನುಮಾನಿಸಿ, ಆಮೇಲೆ ಒಂದರ ಹಿಂದೊಂದು ಹೊರಟುಹೋದವು.

ಅವು ಅಳಿಯನ ಹತ್ತು ವರ್ಷದ ದುಡಿಮೆ.

ಅಳಿಯ ವಿಶ್ವವಿದ್ಯಾಲಯದಲ್ಲಿ ಜೀವಶಾಸ್ತ್ರದ ಅಧ್ಯಾಪಕರು. ಅಧ್ಯಾಪಕರ ವಸತಿಗೃಹದಲ್ಲಿ ಅವರ ಹೆಸರು ನೊಣದ ಮೇಷ್ಟ್ರು. "ಅಳಿಯಂದಿರು ಏನು ಮಾಡ್ಕೊಂಡಿದಾರೆ?" ಎಂದು ಯಾರಾದರೂ ಕೇಳಿದರೆ ಅತ್ತೆ ನಿಟ್ಟುಸಿರುಬಿಟ್ಟು, "ನೊಣ ಹೊಡ್ಕೊಂಡಿದಾರೆ" ಎನ್ನುತ್ತಿದ್ದರು.

"ಹೊಡೆಯೋದಲ್ಲ ಅತ್ತೆ, ಸಾಕೋದು" ಎಂದು ಮೇಷ್ಟ್ರು ಒಮ್ಮೆ ತಿದ್ದಿದ್ದರು.

"ಅದು ಇನ್ನೂ ಅವಮಾನ. ಹೊಡೆಯೋದೇ ಇರ್ಲಿ ಬಿಡಿ."

ಬಾಳೆಹಣ್ಣು ಕಪ್ಪಗಾದ ಕೂಡಲೇ ಎಲ್ಲಿಂದಲೋ ಬಂದು ಮುತ್ತುತ್ತವಲ್ಲ, ಎಳ್ಳುಕಾಳಿನ ಗಾತ್ರದ ನೊಣಗಳು, ಇವು ಅದೇ ಜಾತಿ. ಆದರೆ ಮೇಷ್ಟ್ರು ಬೆಳೆಸಿದ್ದು ವಿಶೇಷ ತಳಿ. ಇವುಗಳಿಗೆ ಹಣ್ಣಿನ ವಾಸನೆ ತಿಳಿಯುವುದಿಲ್ಲ ಎಂದು ಅವರು ಮೂರು ಪ್ರಬಂಧ ಬರೆದಿದ್ದರು. ನೊಣಕ್ಕೆ ವಾಸನೆ ತಿಳಿಯುವುದು ಮೂಗಿನಿಂದಲ್ಲ, ಹಣೆಯ ಮೇಲಿನ ಕುಡಿಮೀಸೆಯಿಂದ. ಆದರೂ ಜನರಿಗೆ ಅರ್ಥವಾಗಲೆಂದು 'ಮೂಗಿಲ್ಲದ ತಳಿ' ಎನ್ನುತ್ತಿದ್ದರು. ಬೇರೆ ನೊಣಗಳಲ್ಲಿ ಬೆರೆತರೂ ಗುರುತು ಸಿಗಬೇಕೆಂದು ಕೆಂಪು ಕಣ್ಣಿನ ಬದಲು ಬಿಳಿ ಕಣ್ಣಿರುವವನ್ನೇ ಆರಿಸಿಕೊಂಡಿದ್ದರು. ಬಿಳಿ ಕಣ್ಣಿನ ನೊಣಕ್ಕೆ ದೃಷ್ಟಿಯೂ ಮಂದ. ಕಣ್ಣು ಕಾಣದ, ಮೂಗಿಲ್ಲದ ಈ ಸಂತಾನವನ್ನು ನಂಬಿಕೊಂಡೇ ಮೇಷ್ಟ್ರು ಪ್ರಾಧ್ಯಾಪಕರಾಗಲು ಹೊರಟಿದ್ದರು. ಸೋಮವಾರ ಬೆಳಿಗ್ಗೆ ಬಡ್ತಿ ಸಮಿತಿ ಬಂದು ನೊಣಗಳನ್ನು ಕಣ್ಣಾರೆ ನೋಡುವುದೆಂದು ನಿಶ್ಚಯವಾಗಿತ್ತು. ಹೋದ ವಾರ ಉಳಿದ ಸೀಸೆಗಳಿಗೆಲ್ಲ ಬೂಷ್ಟು ಹಿಡಿದು, ಚೆನ್ನಾಗಿ ಉಳಿದದ್ದು ಒಂದೇ ಸೀಸೆ. ಭಾನುವಾರ ವೈರಿಂಗ್ ರಿಪೇರಿಗೆಂದು ಪ್ರಯೋಗಾಲಯದ ಕರೆಂಟು ತೆಗೆಯುತ್ತಾರೆಂದು ಅದನ್ನು ಮಗುವಿನಂತೆ ಎದೆಗವಚಿಕೊಂಡು ಮನೆಗೆ ತಂದಿದ್ದರು.

ಆ ಭಾನುವಾರ ಸ್ನಾನ ಮುಗಿಸಿ ಬಂದವರು ಸೀಸೆ ನೋಡಿ, ಓಡಿಹೋದವುಗಳೇ ವಾಪಸು ಬಂದು ಹೊಗಬಹುದಾದಷ್ಟು ಅಗಲ ಬಾಯಿ ತೆರೆದರು.

"ಅತ್ತೆ! ಇದರ ಹತ್ತಿ ಎಲ್ಲಿ?"

"ಹತ್ರ ಬಂದು ಹೇಳಿ. ಕಿವೀಲಿ ಹತ್ತಿ ಇದೆ."

ಮೇಷ್ಟ್ರಿಗೆ ಉತ್ತರ ಸಿಕ್ಕಿತು. "ಕಿಟಕಿ ಹಾಕೇ! ಬಾಗಿಲು ಹಾಕೇ!" ಎಂದು ಕೂಗಿದರು. ಕಸದ ಬುಟ್ಟಿ ಕೆಳಗಿಟ್ಟು ಬರಲು ಹೋಗಿದ್ದ ಹೆಂಡತಿ, ತೆರೆದೇ ಇದ್ದ ಬಾಗಿಲಲ್ಲಿ ಆಗತಾನೆ ಒಳಗೆ ಬಂದಳು.

"ಏನಾಯ್ತು?"

"ಓಡಿಹೋದ್ವು!"

"ಯಾರು?"

"ಎಲ್ಲಾರೂ!"

ಹೆಂಡತಿಗೆ ಗಂಡನ ಸಂಶೋಧನೆ ಅಷ್ಟಾಗಿ ತಿಳಿಯದಿದ್ದರೂ ಗಂಡನ ಮುಖ ತಿಳಿಯುತ್ತಿತ್ತು. "ಗಾಬರಿ ಯಾಕೆ? ಒಂದು ಬಾಳೆಹಣ್ಣು ಕಪ್ಪಗಾಗಿದೆ. ಬಿಡಿಸಿಟ್ರೆ ತಾವಾಗೇ ಬರ್ತಾವಪ್ಪ."

ಮೇಷ್ಟ್ರು ಕಹಿಯಾಗಿ ನಕ್ಕರು. "ಹಣ್ಣಿಟ್ರೆ ಬರೋ ಹಾಗಿದ್ರೆ ಹತ್ತು ವರ್ಷ ನಾನು ಮಾಡಿದ್ದೇನು?"

"ಅಮ್ಮನೂ ಅದನ್ನೇ ಕೇಳ್ತಿರ್ತಾಳೆ."

ಕೊರಳಿಗೆ ಭೂತಗನ್ನಡಿ ನೇತುಹಾಕಿಕೊಂಡು, ಕೈಯಲ್ಲಿ ಟಾರ್ಚು, ಬಾಯಲ್ಲಿ ನೊಣ ಹೀರಿ ಹಿಡಿಯುವ ರಬ್ಬರ್ ನಳಿಗೆ ಕಚ್ಚಿಕೊಂಡು ಮೇಷ್ಟ್ರು ಹೊರಟರು. ಹಣ್ಣಿಗೆ ಬಾರದಿದ್ದರೂ ಬೆಳಕಿಗೆ ಬಂದಾವು ಎಂಬುದು ಅವರ ಲೆಕ್ಕ. ಮಧ್ಯಾಹ್ನದವರೆಗೆ ಮನೆಯ ಕಿಟಕಿ, ಮೆಟ್ಟಿಲ ಬಳಿಯ ಕಿಟಕಿ, ದೀಪದ ಬುರುಡೆ ಒಂದನ್ನೂ ಬಿಡದೆ ಹುಡುಕಿದರು. ಸಿಕ್ಕಿದ್ದು ಎರಡು ಸೊಳ್ಳೆ, ಒಂದು ಸತ್ತ ಜೇಡ. ಕೆಳಗಿನ ಮನೆಯ ಅಡುಗೆಮನೆ ಕಿಟಕಿಯಲ್ಲಿ ಏನೋ ಹಾರಿದಂತಾಗಿ, ಗಾಜಿಗೆ ಮೂಗು ಒತ್ತಿ ಭೂತಗನ್ನಡಿ ಹಿಡಿದಾಗ, ಕನ್ನಡಿಯ ಆ ಬದಿಯಲ್ಲಿ ತಟ್ಟೆಯಗಲದ ಕಣ್ಣೊಂದು ಕಂಡಿತು.

ಅದು ಡಾಕ್ಟರಮ್ಮನ ಕಣ್ಣು.

"ಏನ್ ಮೇಷ್ಟ್ರೇ, ನಮ್ಮನೆ ಕಿಟಕೀಲಿ ಪರೀಕ್ಷೆ ನಡಿಸ್ತಿದೀರಾ?"

"ನಿಮ್ಮನೇಲಿ ಬಿಳಿ ಕಣ್ಣಿನ ನೊಣ ಏನಾದ್ರೂ ಬಂದಿದ್ವಾ?"

"ನೊಣದ ಕಣ್ಣು ನೋಡಿ ಮಾತಾಡೋ ಅಭ್ಯಾಸ ನನಗಿಲ್ಲ" ಎಂದರಾದರೂ ಡಾಕ್ಟರಮ್ಮ ಚಪ್ಪಲಿ ಮೆಟ್ಟಿ ಹೊರಗೆ ಬಂದೇಬಿಟ್ಟರು. ಅವರು ಮೆಡಿಕಲ್ ಕಾಲೇಜಿನಲ್ಲಿ ಹೊಸ ಔಷಧಿಗಳನ್ನು ಪರೀಕ್ಷಿಸುವವರು. ಪ್ರಪಂಚವನ್ನು ಎರಡು ಗುಂಪಾಗಿ ಹಂಚಿ, ಒಂದಕ್ಕೆ ಔಷಧಿ, ಇನ್ನೊಂದಕ್ಕೆ ಸಕ್ಕರೆ ನೀರು ಕೊಡುವವರೆಗೆ ಅವರಿಗೆ ಸಮಾಧಾನವಿರಲಿಲ್ಲ. ತಮ್ಮ ಅವಳಿ ಮಕ್ಕಳಿಗೆ ಕೆಮ್ಮು ಬಂದಾಗಲೂ ಹಾಗೆಯೇ ಮಾಡಿದರೆಂದು ಜನ ಆಡಿಕೊಳ್ಳುತ್ತಿದ್ದರು. ಪುಣ್ಯಕ್ಕೆ ಇಬ್ಬರೂ ಒಂದೇ ದಿನ ಗುಣವಾದರಂತೆ.

ಎದುರುಮನೆ ಮೇಡಂ ಮೆಟ್ಟಿಲ ಮೇಲೆ ಸಿಕ್ಕರು. ಅವರದು ಶಿಕ್ಷಣಶಾಸ್ತ್ರ. ಕೇಳದೆ ಯಾವುದನ್ನೂ ನಂಬುತ್ತಿರಲಿಲ್ಲ, ಕೇಳಿದ ಮೇಲೆ ಯಾವುದನ್ನೂ ಬಿಡುತ್ತಿರಲಿಲ್ಲ.

"ಸರ್, ನೊಣ ಕಳ್ಕೊಂಡಾಗ ನಿಮಗೆ ಏನನ್ನಿಸ್ತು? ತುಂಬಾ ಬೇಜಾರು, ಬೇಜಾರು, ಹೇಳಕ್ಕಾಗಲ್ಲ, ಸಂತೋಷ, ತುಂಬಾ ಸಂತೋಷ. ಒಂದನ್ನ ಮಾತ್ರ ಆರಿಸ್ಕೊಳ್ಳಿ."

"ಹೇಳಕ್ಕಾಗಲ್ಲ ಮೇಡಂ!" ಎಂದು ಮೇಷ್ಟ್ರು ನಳಿಗೆ ಕಚ್ಚಿಕೊಂಡೇ ಚೀರಿದರು.

"ಮೂರನೇದು" ಎಂದು ಮೇಡಂ ನೆನಪಿಟ್ಟುಕೊಂಡು, ಅವರೂ ಹಿಂದೆ ಬಂದರು.

ಗದ್ದಲ ಕೇಳಿ ಮೇಲಿನ ಮನೆಯ ಕೆಮಿಸ್ಟ್ರಿಯವರು ಇಳಿದು ಬಂದರು. ಇವರ ಬೆರಳುಗಳು ಆಸಿಡ್ಡಿಗೆ ಹಳದಿಯಾಗಿ, ಹುಬ್ಬು ಅರ್ಧ ಸುಟ್ಟು, ಮುಖದಲ್ಲಿ ಸದಾ ಈಗಷ್ಟೇ ಏನೋ ಸಿಡಿದಂತಹ ಅಚ್ಚರಿ ಇರುತ್ತಿತ್ತು. ವಿಷಯ ತಿಳಿದು ಅವರ ಕಣ್ಣು ಮಿನುಗಿತು.

"ಅಯ್ಯೋ, ಇಷ್ಟೇನಾ! ಬಾಳೆಹಣ್ಣಿನ ವಾಸನೆ ನನ್ ಹತ್ರ ಸೀಸೇಲೇ ಇದೆ. ಬಾಳೆಹಣ್ಣೇ ನಾಚ್ಕೋಬೇಕು, ಅಂಥ ವಾಸನೆ. ಒಂದು ತೊಟ್ಟು ಸಾಕು."

ಮೇಷ್ಟ್ರ ತಾಳ್ಮೆ ತಪ್ಪಿತು. ನಳಿಗೆಯನ್ನು ಬಾಯಿಂದ ತೆಗೆದು, ಮೆಟ್ಟಿಲ ಮೇಲೆಯೇ ತರಗತಿ ತೆಗೆದುಕೊಂಡರು. "ನೋಡಿ, ಎಲ್ಲರೂ ಕೇಳಿ. ನನ್ನ ನೊಣಗಳು ಹಣ್ಣಿನ ವಾಸನೆಗೆ ಬರಲ್ಲ. ಬರಲ್ಲ ಅಂದ್ರೆ ಬರಲ್ಲ. ಬಾಳೆಯ ತೋಟಾನೇ ತಂದು ಮುಂದೆ ನಿಲ್ಸಿ, ಒಂದು ನೊಣ ಬಂದ್ರೆ ನನ್ನ ಹೆಸರು ಬದಲಾಯಿಸ್ಕೋತೀನಿ!"

"ನಿಮ್ಮ ಹೆಸರೇ ನೊಣದ ಮೇಷ್ಟ್ರು. ಇನ್ನೇನಂತ ಬದಲಾಯಿಸ್ತೀರಿ?" ಎಂದರು ಡಾಕ್ಟರಮ್ಮ.

ಅಷ್ಟರಲ್ಲಿ, ಈ ಮಾತಿನ ನಡುವೆಯೇ ಮೇಲೆ ಮನೆಗೆ ಓಡಿದ್ದ ಕೆಮಿಸ್ಟ್ರಿಯವರು ಹೆಬ್ಬೆರಳುದ್ದದ ಸೀಸೆಯೊಂದಿಗೆ ಎರಡೆರಡು ಮೆಟ್ಟಿಲು ಹಾರಿಕೊಂಡು ಬಂದರು. ಮೂರನೆಯ ನೆಗೆತದಲ್ಲಿ ಕಾಲು ತಪ್ಪಿತು. ಅವರು ಗೋಡೆ ಹಿಡಿದು ಬಚಾವಾದರು. ಸೀಸೆಯಲ್ಲಿದ್ದದ್ದೆಲ್ಲ ಮೇಷ್ಟ್ರ ಬೆನ್ನಿಗೆ ಬಿತ್ತು.

ಒಂದು ಗಾಡಿ ಬಾಳೆಹಣ್ಣನ್ನು ಮುಚ್ಚಿದ ಕೋಣೆಯಲ್ಲಿ ಕೊಳೆಹಾಕಿದಂತಹ ವಾಸನೆ ಮೂರೂ ಅಂತಸ್ತಿಗೆ ಹಬ್ಬಿತು. ಸ್ವಲ್ಪ ಹೊತ್ತಿಗೆಲ್ಲ, ಯಾವ್ಯಾವುದೋ ಮನೆಯ ಬುಟ್ಟಿ, ಮೋರಿ, ಕಸದ ಡಬ್ಬಗಳಲ್ಲಿ ನೆಮ್ಮದಿಯಾಗಿದ್ದ ನೊಣಗಳು ಬರತೊಡಗಿದವು. ಮೇಷ್ಟ್ರ ಬೆನ್ನು ಎಳ್ಳು ಒಣಹಾಕಿದ ಚಾಪೆಯಂತಾಯಿತು.

"ಅಲ್ಲಾಡ್ಬೇಡಿ" ಎಂದು ಡಾಕ್ಟರಮ್ಮ ಭೂತಗನ್ನಡಿ ಕಸಿದುಕೊಂಡು, ರಕ್ತಪರೀಕ್ಷೆಯ ಗಾಜು ನೋಡುವ ಗಾಂಭೀರ್ಯದಿಂದ ಓದತೊಡಗಿದರು. "ಕೆಂಪು. ಕೆಂಪು. ಕೆಂಪು..."

"ಹೇಳ್ಲಿಲ್ವಾ? ಇವೆಲ್ಲ ಊರ ನೊಣಗಳು. ನನ್ನವು ಬರಲ್ಲ" ಎಂದರು ಮೇಷ್ಟ್ರು, ಆ ಸ್ಥಿತಿಯಲ್ಲೂ ಒಂದಿಷ್ಟು ಹೆಮ್ಮೆಯಿಂದ.

"ಕೆಂಪು. ಕೆಂಪು. ಬಿಳಿ."

"ಏನಂದ್ರಿ?"

"ಬಿಳಿ. ಇನ್ನೊಂದು ಬಿಳಿ. ಇಲ್ಲಿ ಕಾಲರ್ ಹತ್ರ ಏಳೆಂಟಿವೆ."

"ಹಿಡೀರಿ!" ಎಂದು ಮೇಷ್ಟ್ರು ಕಿರುಚಿದ ರಭಸಕ್ಕೆ ಅರ್ಧ ನೊಣಗಳು ಎದ್ದು ಮತ್ತೆ ಕೂತವು. ಹೆಂಡತಿ ಧೈರ್ಯ ಮಾಡಿ ನಳಿಗೆ ಬಾಯಿಗಿಟ್ಟು ಒಂದೊಂದೇ ಬಿಳಿ ಕಣ್ಣನ್ನು ಹೀರಿ ಸೀಸೆಗೆ ಊದಿದಳು. ಮೇಷ್ಟ್ರು ಕಣ್ಣಲ್ಲಿ ನೀರು ತಂದುಕೊಂಡರು. ತಳಿ ಉಳಿಯಿತು! ಸಮಿತಿ ಬರಲಿ! ಮೆಟ್ಟಿಲ ಮೇಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಬಾಗಿಲಲ್ಲಿ ನಿಂತಿದ್ದ ಅತ್ತೆ ಏನೂ ಕೇಳಿಸದೆ, ಎಲ್ಲರೂ ತಟ್ಟುತ್ತಾರಲ್ಲ ಎಂದು ತಾವೂ ತಟ್ಟಿದರು.

ಚಪ್ಪಾಳೆ ನಿಂತ ಮೇಲೆ ಕೆಮಿಸ್ಟ್ರಿಯವರು ಮುಗ್ಧವಾಗಿ ಕೇಳಿದರು: "ಅಲ್ಲಾ ಮೇಷ್ಟ್ರೇ, ಇವಕ್ಕೆ ವಾಸನೆ ಗೊತ್ತಾಗಲ್ಲ ಅಂದಿದ್ರಲ್ಲ?"

ಮೆಟ್ಟಿಲ ಮೇಲಿದ್ದವರೆಲ್ಲ ಮೇಷ್ಟ್ರ ಕಡೆ ತಿರುಗಿದರು.

"ಅದು... ಬೆವರಿಗೆ ಬಂದಿರ್ಬೇಕು" ಎಂದರು ಮೇಷ್ಟ್ರು, ಮುಳುಗುವವನು ಹುಲ್ಲುಕಡ್ಡಿ ಹಿಡಿದಂತೆ. "ಬೆಳಿಗ್ಗೆಯಿಂದ ಓಡಾಡಿದೀನಿ, ಬೆವರಿದೀನಿ. ಹಣ್ಣಿಗಲ್ಲ. ಬೆವರಿಗೆ."

"ಅದನ್ನ ನೋಡೇಬಿಡೋಣ" ಎಂದರು ಡಾಕ್ಟರಮ್ಮ. ಅವರ ಧ್ವನಿ ಕೇಳಿಯೇ ಮೇಷ್ಟ್ರಿಗೆ ತಾವು ತಪ್ಪು ಕಡ್ಡಿ ಹಿಡಿದೆವೆಂದು ಗೊತ್ತಾಯಿತು.

ಮೇಷ್ಟ್ರ ಹಿಂದಿನ ದಿನದ ಬೆವರಿನ ಅಂಗಿಯನ್ನು ಹುಡುಕಿ ತಂದು, ಅದರ ಬೆನ್ನಿಗೆ ಬರೀ ನೀರು ಚಿಮುಕಿಸಿ, ಕೆಮಿಸ್ಟ್ರಿಯವರಿಗೆ ತೊಡಿಸಿದರು. ಇಬ್ಬರನ್ನೂ ಪಡಸಾಲೆಯ ಎರಡು ತುದಿಗೆ ಗೋಡೆಗೆ ಮುಖಮಾಡಿ, ಶಾಲೆಯಲ್ಲಿ ಶಿಕ್ಷೆಗೆ ನಿಲ್ಲಿಸಿದ ಹಾಗೆ ನಿಲ್ಲಿಸಿದರು. ಎರಡೂ ಕಡೆ ಒಂದೇ ಅಳತೆಯ ದೀಪ. ಹಿಡಿದಿದ್ದ ಬಿಳಿ ಕಣ್ಣುಗಳನ್ನೆಲ್ಲ ಸರಿಯಾಗಿ ನಡುವೆ ಬಿಟ್ಟರು. ಎಣಿಕೆ ಎದುರುಮನೆ ಮೇಡಂ ಅವರದು. ಯಾರ ಬೆನ್ನಿಗೆ ಏನು ಬಿದ್ದಿದೆ ಎಂಬುದನ್ನು ಮರೆತು ಎಣಿಸಬೇಕೆಂದು ಅವರಿಗೆ ತಾಕೀತಾಯಿತು.

ನೊಣಗಳೆಲ್ಲ ಬಾಳೆಹಣ್ಣಿನ ಬೆನ್ನಿಗೇ ಬಂದವು. ನೀರಿನ ಬೆನ್ನಿಗೆ ಒಂದೂ ಇಲ್ಲ.

"ಜಾಗದ ಗುಣ ಇರಬಹುದು" ಎಂದು ಮೇಷ್ಟ್ರು ಗೋಡೆಗೆ ಹೇಳಿದರು.

"ಒಳ್ಳೇ ಪ್ರಶ್ನೆ!" ಎಂದು ಡಾಕ್ಟರಮ್ಮ ಇಬ್ಬರ ಜಾಗವನ್ನೂ ಅದಲುಬದಲು ಮಾಡಿದರು. ನೊಣಗಳೂ ಶಿಸ್ತಾಗಿ ಜಾಗ ಬದಲಿಸಿದವು.

ಹತ್ತು ವರ್ಷದಲ್ಲಿ ಮೇಷ್ಟ್ರು ಇಷ್ಟು ಅಚ್ಚುಕಟ್ಟಾದ ಪ್ರಯೋಗವನ್ನು ಒಮ್ಮೆಯೂ ಮಾಡಿರಲಿಲ್ಲ. ಕೊಯ್ದ ಮೂಗು ಮತ್ತೆ ಬರುವುದಿಲ್ಲ ಎನ್ನುತ್ತಾರೆ. ಇಲ್ಲಿ ನೊಣಗಳಿಗೆಲ್ಲ ಮೂಗು ಬಂದು, ಮೇಷ್ಟ್ರ ಮೂಗು ಹೋಗಿತ್ತು.

ನೊಣಗಳನ್ನು ಮತ್ತೆ ಸೀಸೆಗೆ ತುಂಬುವಾಗ ಹೆಂಡತಿ, "ಪಾಪ, ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಅನ್ಸುತ್ತೆ" ಎಂದಳು.

ಮೇಷ್ಟ್ರು ಸೀಸೆ ಹಿಡಿದು ಕುರ್ಚಿಯ ಮೇಲೆ ಕುಸಿದರು. ತಮ್ಮ ನೊಣಗಳಿಗೆ ಅವರು ದಿನಾ ಬೆಳಿಗ್ಗೆ ತಾಜಾ ಆಹಾರ ಹಾಕಿ, ಅವು ಕಂಠಪೂರ್ತಿ ತಿಂದ ಮೇಲೆಯೇ ಪರೀಕ್ಷೆಗೆ ಕೂರಿಸುತ್ತಿದ್ದರು. ಹೋಲಿಕೆಗೆ ತರುತ್ತಿದ್ದ ಸಾಮಾನ್ಯ ನೊಣಗಳು ವಿದ್ಯಾರ್ಥಿಗಳ ಹಳೆಯ ಸೀಸೆಯವು. ಅವುಗಳ ಆಹಾರ ಒಣಗಿ ಬಿರುಕು ಬಿಟ್ಟಿರುತ್ತಿತ್ತು. ಹಸಿದವು ಹಣ್ಣಿಗೆ ಓಡಿದವು, ಉಂಡವು ಕೂತಲ್ಲೇ ತೂಕಡಿಸಿದವು. ಮೇಷ್ಟ್ರು ಮೂರು ಪ್ರಬಂಧ ಬರೆದರು. ಹಸಿವು ರುಚಿ ಅರಿಯದು ಎಂದು ಗಾದೆ ಇದೆ. ಹೊಟ್ಟೆ ತುಂಬಿದ್ದು ವಾಸನೆ ಅರಿಯದು ಎಂಬ ಗಾದೆ ಮಾತ್ರ ಇರಲಿಲ್ಲ. ಹತ್ತು ವರ್ಷ ಕಷ್ಟಪಟ್ಟು ಅವರು ಅದೊಂದನ್ನು ಕಂಡುಹಿಡಿದಿದ್ದರು.

ಕತ್ತಲಾಗುವ ಹೊತ್ತಿಗೆ ಅವರಿಗೆ ಇನ್ನೊಂದು ವಿಚಾರವೂ ಹೊಳೆಯಿತು. ನೊಣಗಳು ವಾಪಸು ಬಂದಿವೆ. ಇವತ್ತು ಹೊಟ್ಟೆ ಬಿರಿಯ ತಿನ್ನಿಸಿದರೆ ನಾಳೆ ಬೆಳಿಗ್ಗೆ ಯಾವ ಹಣ್ಣಿಗೂ ಕದಲುವುದಿಲ್ಲ. ಸಮಿತಿ ನೋಡುವುದು ಅಷ್ಟೇ. ತಾವೇನೂ ಸುಳ್ಳು ಹೇಳಬೇಕಾಗಿಲ್ಲ. ಬಾಯಿಬಿಡದೆ ನೊಣಗಳೇ ಹೇಳುತ್ತವೆ. ಸತ್ಯವನ್ನು ಬಡ್ತಿಯ ಆದೇಶ ಕೈಗೆ ಬಂದ ಮೇಲೆ ನಿಧಾನವಾಗಿ, ನಾಲ್ಕನೆಯ ಪ್ರಬಂಧವಾಗಿ ಬರೆದರಾಯಿತು. ಮೇಷ್ಟ್ರಿಗೆ ಜೀವ ಬಂದಂತಾಯಿತು. ಸೀಸೆಗೆ ಎರಡು ಪಟ್ಟು ಆಹಾರ ಹಾಕಿ, "ತಿನ್ನಿ, ನಾಚ್ಕೋಬೇಡಿ" ಎಂದು ಉಪಚಾರ ಮಾಡಿ, ವಾಸನೆಯ ಅಂಗಿಯನ್ನು ಎರಡು ಬೆರಳಲ್ಲಿ ಹಿಡಿದು ಬಕೆಟ್ಟಿನತ್ತ ಹೊರಟರು.

ಕರೆಗಂಟೆ ಬಾರಿಸಿತು. ಬಾಗಿಲಲ್ಲಿ ಡಾಕ್ಟರಮ್ಮ. ಮುಖವೆಲ್ಲ ನಗು.

"ಮೇಷ್ಟ್ರೇ, ನಿಮಗೊಂದು ಉಪಕಾರ ಮಾಡಿ ಬಂದೆ. ನಿಮ್ಮ ಸಮಿತಿ ಅಧ್ಯಕ್ಷರು ನಮಗೆ ಗೊತ್ತಿರೋರೇ. ಈಗಷ್ಟೇ ಫೋನ್ ಮಾಡಿ ಎಲ್ಲಾ ಹೇಳ್ದೆ. ತನ್ನ ಸಿದ್ಧಾಂತ ಸುಳ್ಳು ಅಂತ ತೋರಿಸೋಕೆ ತಾನೇ ಬೆನ್ನು ಕೊಟ್ಟು ನಿಂತ ವಿಜ್ಞಾನೀನ ನಾನು ಇಷ್ಟು ವರ್ಷದಲ್ಲಿ ನೋಡಿಲ್ಲ ಅಂದೆ. ಎಷ್ಟು ಖುಷಿಪಟ್ರು ಗೊತ್ತಾ!"

ಮೇಷ್ಟ್ರು ಬಾಗಿಲ ಚೌಕಟ್ಟು ಹಿಡಿದುಕೊಂಡರು. "ಬಡ್ತಿ ವಿಷಯ...?"

"ಈ ಸಲ ಅದರ ಪ್ರಶ್ನೇನೇ ಇಲ್ಲ ಅಂದ್ರು. ಆದ್ರೆ ಪ್ರಯೋಗಾನ ಮಾತ್ರ ನೋಡ್ಲೇಬೇಕಂತೆ. ವಿದ್ಯಾರ್ಥಿಗಳನ್ನೂ ಕರೆಸ್ತಾರಂತೆ. ರಾತ್ರಿ ನೊಣಗಳಿಗೆ ಏನೂ ಹಾಕ್ಬೇಡಿ" ಎಂದ ಡಾಕ್ಟರಮ್ಮ, ಮೇಷ್ಟ್ರ ಬೆರಳತುದಿಯಲ್ಲಿ ನೇತಾಡುತ್ತಿದ್ದುದನ್ನು ಕಂಡು ಗಾಬರಿಯಾದರು. "ಅಯ್ಯಯ್ಯೋ, ಆ ಅಂಗೀನ ಒಗೀಬೇಡಿ ಮಾರಾಯ್ರೇ! ನಾಳೆ ಅದನ್ನೇ ಹಾಕ್ಕೊಂಡು ಬರ್ಬೇಕಂತೆ!"