ವೇಟಿಂಗ್ ಲಿಸ್ಟಿನಲ್ಲಿ ನಮ್ಮ ಮುಂದೆ ನಿಂತಿರುವವರ ಸನ್ನಿಧಿಗೆ

ಮಾನ್ಯರೇ,

ದೊಡ್ಡ ಶಾಲೆಯ ವೇಟಿಂಗ್ ಲಿಸ್ಟಿನಲ್ಲಿ ಮೊದಲನೆಯ ಸ್ಥಾನವನ್ನು ಅಲಂಕರಿಸಿ, ಅಲ್ಲಿಂದ ಒಂದಿಷ್ಟೂ ಮಿಸುಕದೆ ಶೋಭಿಸುತ್ತಿರುವ ತಮಗೆ, ಎರಡನೆಯ ಸ್ಥಾನದಲ್ಲಿ ತಮ್ಮ ಬೆನ್ನನ್ನೇ ನೋಡುತ್ತ ನಿಂತ ಈ ಟೈಲರನ ಅನಂತ ನಮಸ್ಕಾರಗಳು. ತಾವು ಯಾರೆಂದು ನನಗೆ ತಿಳಿಯದು. ಆದರೂ ಕಟ್ಟಿಕೊಂಡ ಹೆಂಡತಿಗಿಂತ ತಮ್ಮನ್ನೇ ಈಚೆಗೆ ಹೆಚ್ಚು ನೆನೆಯುತ್ತಿದ್ದೇನೆ. ಅದು ಅವಳಿಗೂ ಗೊತ್ತಾಗಿದೆ.

ತಾವು ಕದಲುತ್ತಿಲ್ಲ ಎಂಬುದೊಂದೇ ನನ್ನ ದೂರು. ತಮಗೆ ಬಡ್ತಿ ಸಿಕ್ಕಿ ದೂರದೂರಿಗೆ ವರ್ಗವಾದರೆ, ಅಥವಾ ತಮ್ಮ ಮಗುವಿಗೆ ವಿಶಾಲವಾದ ಆಟದ ಮೈದಾನವೆಂದರೆ ಇದ್ದಕ್ಕಿದ್ದಂತೆ ಜಿಗುಪ್ಸೆ ಹುಟ್ಟಿದರೆ ಬಹಳ ಉಪಕಾರವಾದೀತು. ಮುಖ್ಯೋಪಾಧ್ಯಾಯರೊಡನೆ ಜಗಳವಾಡಿದರೂ ಸಾಕು. ತಮಗೆ ಬಿಡುವಿಲ್ಲದಿದ್ದರೆ ತಮ್ಮ ಪರವಾಗಿ ನಾನೇ ಹೋಗಿ ಜಗಳವಾಡಿ ಬರುತ್ತೇನೆ.

ನಿನಗೆ ಬೇರೆ ಶಾಲೆಯೇ ಇಲ್ಲವೇನಯ್ಯ ಎಂದು ತಾವು ಕೇಳಬಹುದು. ಇದೆ. ನಮ್ಮ ಬೀದಿಯ ಕೊನೆಯ ಚಿಕ್ಕ ಶಾಲೆಯವರು ಮಗಳ ಅಂಕಗಳನ್ನೂ ನನ್ನ ಆದಾಯವನ್ನೂ ನೋಡಿ, ಮೊದಲನೆಯದಕ್ಕೆ ಮೆಚ್ಚಿ, ಎರಡನೆಯದಕ್ಕೆ ಮರುಗಿ, ಮುಕ್ಕಾಲು ಫೀಸು ಮನ್ನಾ ಮಾಡಿದರು. ಏಳೇಳು ಜನ್ಮಕ್ಕೂ ಋಣಿ ಎಂದು ಬರೆದುಕೊಟ್ಟು ಎರಡೂ ಕೈ ಚಾಚಿ ಒಪ್ಪಿಕೊಂಡೆ. ದೊಡ್ಡ ಶಾಲೆಯಲ್ಲಿದ್ದ ಹೆಸರನ್ನು ಮಾತ್ರ ತೆಗೆಸಲಿಲ್ಲ. ಮಗಳ ಭವಿಷ್ಯಕ್ಕಾಗಿ ಎಂದು ದಯವಿಟ್ಟು ತಪ್ಪು ತಿಳಿಯಬೇಡಿ. ನನ್ನ ಹೆಂಡತಿಯ ಅಣ್ಣನ ಮಕ್ಕಳು ಅಲ್ಲಿ ಓದುತ್ತಾರೆ, ಮತ್ತು ಭಾವ ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗಲೆಲ್ಲ ಆ ಶಾಲೆಯ ಈಜುಕೊಳವನ್ನು ಬಡಿಸುತ್ತಾನೆ.

ಚಿಕ್ಕ ಶಾಲೆಯ ಸಮವಸ್ತ್ರಕ್ಕೆ ಅರ್ಧ ತೋಳು, ದೊಡ್ಡ ಶಾಲೆಯದಕ್ಕೆ ಪೂರ್ತಿ ತೋಳು, ಅಂಗಿ ಎರಡಕ್ಕೂ ಬಿಳಿಯದೇ. ಅಡ್ಡಗೋಡೆಯ ಮೇಲೆ ದೀಪವಿಡುವುದರಲ್ಲಿ ನಿಪುಣನಾದ ನಾನು ಪೂರ್ತಿ ತೋಳುಗಳಿಗೂ ಬಟ್ಟೆ ಕತ್ತರಿಸಿ ಎತ್ತಿಟ್ಟು, ಅರ್ಧ ತೋಳುಗಳಿಗೆ ಟ್ರಯಲ್ ನೋಡಲು ಹಾಕುವ ಕಚ್ಚಾ ಹೊಲಿಗೆಯನ್ನಷ್ಟೇ ಹಾಕಿದೆ. ತಾವು ಕದಲಿದ ದಿನ ದಾರ ಎಳೆದು ತೋಳು ಬದಲಿಸಿದರೆ ಕೆಲಸ ಮುಗಿಯಿತು ಎಂಬ ಲೆಕ್ಕ. ಮೊದಲ ದಿನವೇ ಮೇಷ್ಟ್ರು ಏನೋ ಪ್ರಶ್ನೆ ಕೇಳಿದರಂತೆ, ಮಗಳು ಕೈ ಎತ್ತಿದಳಂತೆ, ತೋಳು ಕಳಚಿ ಮೊಣಕೈಗೆ ಬಂತಂತೆ.

ಸಂಜೆ ಅವಳು ಅಳಲಿಲ್ಲ. ತನ್ನ ಉತ್ತರ ಸರಿಯಿತ್ತು, ಆದರೆ ನಗುವಿನಲ್ಲಿ ಯಾರಿಗೂ ಕೇಳಿಸಲಿಲ್ಲ ಎಂದಳು. ಆಮೇಲೆ, ಬೇರೆಯವರ ಮಕ್ಕಳಿಗೆಲ್ಲ ಗಟ್ಟಿಯಾಗಿ ಹೊಲಿಯುತ್ತೀಯಲ್ಲಪ್ಪ ಎಂದಳು. ನನಗೆ ಬಹಳ ನಾಚಿಕೆಯಾಯಿತು, ಮಾನ್ಯರೇ. ಆಗಲೇ ಮಿಷನ್ನಿನ ಮುಂದೆ ಕೂತು ಜೋಡಿ ಹೊಲಿಗೆ ಹಾಕಿದೆ. ಅವಳು ಮುಗಿಯುವವರೆಗೂ ಪಕ್ಕದಲ್ಲೇ ನಿಂತು, ನಂಬಿಕೆಯಿಲ್ಲದ ಗಿರಾಕಿಯಂತೆ ಎರಡೂ ತೋಳುಗಳನ್ನು ಎಳೆದು ನೋಡಿ, ಓದಲು ಹೋದಳು.

ಇಷ್ಟು ಬರೆದಿಟ್ಟು, ಇಂದು ದೊಡ್ಡ ಶಾಲೆಗೆ ಹೋಗಿ ನಮ್ಮ ಹೆಸರನ್ನು ತೆಗೆಸಿ ಬಂದೆ. ಆದ್ದರಿಂದ ತಾವು ನನಗೋಸ್ಕರ ವರ್ಗವಾಗುವ ತೊಂದರೆಯನ್ನು ತೆಗೆದುಕೊಳ್ಳಬಾರದಾಗಿ ಪ್ರಾರ್ಥನೆ. ಭಾವನಿಗೆ ಇನ್ನೂ ಹೇಳಿಲ್ಲ. ಧೈರ್ಯ ಬಂದ ಮೇಲೆ ಹೇಳುತ್ತೇನೆ.

ತಮ್ಮ ವಿಶ್ವಾಸಿ,
ತಮ್ಮ ಬೆನ್ನ ಹಿಂದೆ ಈಗ ಇಲ್ಲದವನು

ತಾ.ಕ.: ತಾವೂ ಇನ್ನೊಂದು ಶಾಲೆಯ ಫೀಸಿನ ನೆರವನ್ನು ಒಪ್ಪಿಕೊಂಡೇ ಈ ಲಿಸ್ಟಿನಲ್ಲಿ ಕಾಯುತ್ತಿದ್ದೀರೆಂದು ದೊಡ್ಡ ಶಾಲೆಯ ಗುಮಾಸ್ತರು ಬಾಯಿತಪ್ಪಿ ಹೇಳಿದರು. ನಿಜವಾದರೆ ಮಗುವನ್ನು ಕರೆದುಕೊಂಡು ನನ್ನ ಅಂಗಡಿಗೆ ಬನ್ನಿ, ಮಜೂರಿಯಲ್ಲಿ ಮುಕ್ಕಾಲು ಪಾಲು ಬಿಡುತ್ತೇನೆ. ಇನ್ನೊಬ್ಬ ಟೈಲರನ ಬಳಿಯೂ ಅಳತೆ ಕೊಟ್ಟಿಟ್ಟು ಮಾತ್ರ ಬರಬೇಡಿ.